ದಾನದ ಆಕಳು ಮತ್ತು ವೈ-ಫೈ ಡ್ರೈವರ್

ಕಳೆದ ನವೆಂಬರಿನ ಒಂದು ರಾತ್ರಿ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಉದ್ದದ ಮೆಸೇಜ್ ಬಂತು. ಕರೆಂಟ್ ಹೋಗಿ ಲಿಫ್ಟ್ ನಡುವೆ ನಿಂತಿದೆ, ಒಳಗೆ ಸಿಕ್ಕಿಕೊಂಡವರು 25 ನಿಮಿಷ ಕತ್ತಲಲ್ಲಿ ಇದ್ದಾರೆ, ಲಿಫ್ಟಿನ ಗೋಡೆಗೆ ಅಂಟಿಸಿರುವ ಸೆಕ್ಯೂರಿಟಿಯವರ ನಂಬರಿಗೆ ಒಂಬತ್ತು ಸಲ ಫೋನ್ ಮಾಡಿದ್ದಾರೆ, ಎತ್ತಿಲ್ಲ. ಇಂಟರ್‌ಕಾಮ್ ಮಳೆಗಾಲದಿಂದಲೇ ಸತ್ತುಹೋಗಿತ್ತು. ‘ತಿಂಗಳಿಗೆ ಇಷ್ಟು ಮೆಂಟೆನೆನ್ಸ್ ಕೊಡೋದು ಇವರು ನಿದ್ದೆ ಹೊಡೆಯೋಕಾ?’ ಅಂತ ಕೊನೆಯ ಸಾಲು. ಮೆಸೇಜಿನ ಕೆಳಗೆ ಹೆಬ್ಬೆರಳುಗಳು ಒಂದೊಂದಾಗಿ ಬಂದು ಕೂತವು. ಒಟ್ಟು ಹನ್ನೆರಡು. ಅದರಲ್ಲೊಂದು ನಂದು. ಹಾಸಿಗೆ ಮೇಲೆ ಮಲಗಿಕೊಂಡು, ಅರ್ಧ ನಿದ್ದೆಯಲ್ಲಿ ಒತ್ತಿದ್ದು.

ಒಂದು ವಾರ ಬಿಟ್ಟು ಗೇಟಿನ ಹತ್ತಿರ ಅವರು ಒಬ್ಬರೇ ಸಿಕ್ಕರು. ರಾಯಚೂರು ಕಡೆಯವರು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಏಜೆನ್ಸಿಯವರು ಎರಡು ದಿನದ ಸಂಬಳ ಹಿಡಿದಿದ್ದಾರೆ ಅಂತ ಯಾರೋ ಹೇಳಿದ್ದು ಕಿವಿಗೆ ಬಿದ್ದಿತ್ತು. ‘ಯಾಕ್ರೀ ಅವತ್ತು ಫೋನ್ ಎತ್ತಲಿಲ್ಲ?’ ಅಂದೆ, ಬುದ್ಧಿ ಹೇಳುವ ದನಿಯಲ್ಲೇ.

‘ಫೋನ್ ಮನ್ಯಾಗ ಇತ್ರಿ ಸರ್.’

‘ಡ್ಯೂಟಿಗೆ ಬರುವಾಗ ಮನೇಲಿ ಯಾಕೆ ಬಿಟ್ರಿ?’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಹೇಳಲೋ ಬೇಡವೋ ಅಂತ ತೂಗುವ ಮೌನ ಅದು. ‘ಸಂಜಿಕೆ ಹುಡುಗಿಗೆ ಬೇಕಾಗ್ತದಲ್ರಿ. ಲ್ಯಾಪ್‌ಟಾಪಿಗೆ ಹಚ್ಚಾಕ.’

ಇದಕ್ಕಿಂತ ಹೆಚ್ಚು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಯಾಕಂದ್ರೆ ಆ ಲ್ಯಾಪ್‌ಟಾಪ್ ಕೊಟ್ಟವನು ನಾನು. ಅದರಲ್ಲಿ ವೈ-ಫೈ ಕೆಲಸ ಮಾಡಲ್ಲ ಅನ್ನೋದು ಕೊಡುವಾಗಲೇ ನನಗೆ ಗೊತ್ತಿತ್ತು.

ಆ ಲ್ಯಾಪ್‌ಟಾಪಿನ ಕಥೆ ಸ್ವಲ್ಪ ಹೇಳ್ತೀನಿ. 2009ರಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿ ಕೊಡಿಸಿದ್ದು. ಕೋರ್ 2 ಡ್ಯುಯೋ ಪ್ರೊಸೆಸರ್, ಆಮೇಲೆ ನಾನೇ 4 ಜಿಬಿಗೆ ಏರಿಸಿದ ಮೆಮೊರಿ, ಒಂದು ಇಟ್ಟಿಗೆಯಷ್ಟು ಭಾರ. ಅದರಲ್ಲೇ ಪ್ರಾಜೆಕ್ಟ್ ಮಾಡಿದೆ, ಅದರಲ್ಲೇ ರೆಸ್ಯೂಮೆ ಬರೆದೆ. ಆಮೇಲೆ ಆಫೀಸಿನ ಲ್ಯಾಪ್‌ಟಾಪ್ ಬಂತು, ಇದು ಅಟ್ಟ ಸೇರಿತು. ಕಳೆದ ವರ್ಷ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲುತ್ತೆ ಅಂತ ಎಲ್ಲೆಲ್ಲೂ ಸುದ್ದಿ ಇತ್ತಲ್ಲ, ಆಗ ನನಗೂ ಇದ್ದಕ್ಕಿದ್ದಂತೆ ಅಟ್ಟದ ನೆನಪಾಯ್ತು. ಎಷ್ಟೋ ಮನೆಗಳಲ್ಲಿ ಹೀಗೇ ಆಗಿರಬೇಕು: ಹಳೇ ಮೆಷಿನ್‌ಗಳನ್ನ ಒಂದೋ ಗುಜರಿಗೆ ಹಾಕ್ಬೇಕು, ಇಲ್ಲಾ ಯಾರಿಗಾದ್ರೂ ‘ಕೊಟ್ಟು ಪುಣ್ಯ ಕಟ್ಕೋಬೇಕು’. ಸೆಕ್ಯೂರಿಟಿಯವರ ಮಗಳು ಡಿಪ್ಲೊಮಾ ಎರಡನೇ ವರ್ಷ, ಕಂಪ್ಯೂಟರ್ ಸೈನ್ಸ್. ಸರಿ, ಇವಳಿಗೇ ಕೊಡೋಣ ಅಂತ ತೀರ್ಮಾನ ಮಾಡಿದೆ.

ಲಿನಕ್ಸ್ ಮಿಂಟ್ ಹಾಕಿದೆ. ಚಕಚಕ ಅಂತ ಶುರುವಾಯ್ತು. ಹದಿನಾರು ವರ್ಷದ ಮುದುಕ ಎದ್ದು ಓಡಾಡಿದ ಹಾಗೆ. ನೆಟ್‌ಗೆ ಆಗ ಕೇಬಲ್ ಚುಚ್ಚಿದ್ದೆ. ಮೂಲೆಯಲ್ಲಿ ವೈ-ಫೈ ಗುರುತೇ ಇಲ್ಲ ಅನ್ನೋದು ಕಣ್ಣಿಗೆ ಬಿತ್ತು. ನೋಡಿದೆ, ‘ಆಮೇಲೆ ನೋಡ್ಕೊಳ್ಳೋಣ’ ಅಂದುಕೊಂಡೆ. ಆಯುಧಪೂಜೆ ಬಂತು. ಒರೆಸಿ, ಕುಂಕುಮ ಇಟ್ಟು, ಸಂಜೆ ಕೆಳಗೆ ಹೋಗಿ ಕೊಟ್ಟೇಬಿಟ್ಟೆ. ‘ಎಲ್ಲಾ ಹಾಕಿದೀನಿ. ಓದೋಕೆ ಮಾತ್ರ ಬಳಸ್ಬೇಕು, ಸಿನಿಮಾ ಗಿನಿಮಾ ನೋಡ್ಕೊಂಡು ಕೂರ್ಬಾರ್ದು’ ಅಂತ ಒಂದು ಮಾತೂ ಸೇರಿಸಿದೆ. ಅವಳು ತಲೆ ಆಡಿಸಿದಳು. ಅವರಮ್ಮ ಒಳಗಿಂದ ಚಹಾ ತಂದರು. ಮೇಲೆ ಹತ್ತಿ ಬರುವಾಗ ನನ್ನ ಬಗ್ಗೆ ನನಗೇ ಎಷ್ಟು ಒಳ್ಳೆಯ ಅಭಿಪ್ರಾಯ ಇತ್ತು ಅಂದ್ರೆ, ಲಿಫ್ಟ್ ಬಿಟ್ಟು ಮೆಟ್ಟಿಲಲ್ಲೇ ಹೋದೆ.

ಆಮೇಲೆ ಆಗಿದ್ದು ಇಷ್ಟು. ಅವರ ಕೋಣೆ ಪಂಪ್ ರೂಮಿನ ಪಕ್ಕ, ಕ್ಲಬ್‌ಹೌಸಿನ ಗೋಡೆಗೆ ಅಂಟಿಕೊಂಡಿದೆ. ಕ್ಲಬ್‌ಹೌಸಿನ ವೈ-ಫೈ ಅಲ್ಲಿಗೆ ಚೆನ್ನಾಗಿ ಬರುತ್ತೆ. ನಮ್ಮ ಸೆಕ್ರೆಟರಿ ಒಳ್ಳೇ ಮನುಷ್ಯ, ‘ಹುಡುಗಿ ಓದ್ಲಿ’ ಅಂತ ಪಾಸ್‌ವರ್ಡ್ ಕೊಟ್ಟಿದ್ದರು, ಯಾರಿಗೂ ಹೇಳ್ಬೇಡಿ ಅನ್ನುವ ಷರತ್ತಿನ ಮೇಲೆ. ಆದರೆ ಲ್ಯಾಪ್‌ಟಾಪಿಗೆ ವೈ-ಫೈ ಕಾಣಲ್ಲ. ಫೋನಿಗೆ ಕಾಣುತ್ತೆ. ಆದ್ದರಿಂದ ಅವಳು ಅಪ್ಪನ ಫೋನನ್ನ ವೈ-ಫೈಗೆ ಸೇರಿಸಿ, ಫೋನನ್ನ ಚಾರ್ಜಿಂಗ್ ಕೇಬಲ್‌ನಲ್ಲಿ ಲ್ಯಾಪ್‌ಟಾಪಿಗೆ ಸೇರಿಸಿ, ಯುಎಸ್‌ಬಿ ಟೆದರಿಂಗ್ ಮಾಡ್ಕೊಂಡು ಓದ್ತಿದ್ದಳು. ಅಂದರೆ ಎರಡು ತಿಂಗಳು ಆ ಮನುಷ್ಯನ ಫೋನು ನನ್ನ ಲ್ಯಾಪ್‌ಟಾಪಿನ ವೈ-ಫೈ ಕಾರ್ಡ್ ಆಗಿತ್ತು. ಲಿಫ್ಟ್ ನಿಂತ ರಾತ್ರಿ ಅವಳಿಗೆ ಆನ್‌ಲೈನ್ ಟೆಸ್ಟ್. ಫೋನ್ ಸೈಲೆಂಟಲ್ಲಿತ್ತು.

ಹೀಗೆ ನೋಡಿದರೆ ನಾನು ಯಾವ ಸುಳ್ಳನ್ನೂ ಹೇಳಿಲ್ಲ. ‘ವೈ-ಫೈ ಇದೆಯಾ?’ ಅಂತ ಅವಳು ಕೇಳಿರಲಿಲ್ಲ, ನಾನೂ ‘ಇದೆ’ ಅಂದಿರಲಿಲ್ಲ. ಫ್ರೀಯಾಗಿ ಕೊಟ್ಟಿದ್ದು. ಲಿಫ್ಟಿಗೆ ಬ್ಯಾಟರಿ ಹಾಕಿಸದೇ ಇರೋದು ಅಸೋಸಿಯೇಷನ್, ಇಂಟರ್‌ಕಾಮ್ ರಿಪೇರಿ ಮಾಡಿಸದೇ ಇರೋದು ಅಸೋಸಿಯೇಷನ್, ಸಂಬಳ ಹಿಡಿದಿದ್ದು ಏಜೆನ್ಸಿ. ಈ ವಾದವನ್ನ ನಾನು ಆ ಇಡೀ ದಿನ ಮನಸ್ಸಲ್ಲಿ ಓಡಿಸಿದೆ. ವಾದದಲ್ಲಿ ತಪ್ಪೇನೂ ಸಿಗಲಿಲ್ಲ, ಸಮಾಧಾನವೂ ಸಿಗಲಿಲ್ಲ.

ನನಗೆ ನೆನಪಾದದ್ದು ನಚಿಕೇತನ ಅಪ್ಪ. ಕಠೋಪನಿಷತ್ತಿನ ಕಥೆ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಯಮ, ಮೂರು ವರ, ಸಾವಿನಾಚೆ ಏನು ಅನ್ನುವ ಪ್ರಶ್ನೆ. ಆದರೆ ಕಥೆ ಶುರುವಾಗೋದು ಅಲ್ಲಿಂದಲ್ಲ. ಶುರುವಾಗೋದು ಆಕಳುಗಳಿಂದ. ಅಪ್ಪ ಇರುವುದನ್ನೆಲ್ಲ ಕೊಡುವ ಯಾಗ ಮಾಡ್ತಿದ್ದಾನೆ, ಸಾಲಾಗಿ ಆಕಳುಗಳನ್ನ ದಾನ ಕೊಡ್ತಿದ್ದಾನೆ. ಹುಡುಗ ನೋಡ್ತಾನೆ: ಇವು ಕುಡಿಯುವ ನೀರು ಕುಡಿದು ಮುಗಿಸಿವೆ, ತಿನ್ನುವ ಹುಲ್ಲು ತಿಂದು ಮುಗಿಸಿವೆ, ಇನ್ನು ಹಾಲೂ ಇಲ್ಲ, ಕರುವೂ ಇಲ್ಲ. ಇಂಥವನ್ನ ಕೊಟ್ಟವನಿಗೆ ಎಂಥ ಲೋಕ ಸಿಕ್ಕೀತು ಅಂತ ಅವನಿಗೆ ಭಯವಾಗುತ್ತೆ. ಅಪ್ಪನ ಹತ್ತಿರ ಹೋಗಿ, ‘ನನ್ನನ್ನ ಯಾರಿಗೆ ಕೊಡ್ತೀಯ?’ ಅಂತ ಕೇಳ್ತಾನೆ. ಮುಂದಿನದೆಲ್ಲ ಅಪ್ಪನ ಸಿಟ್ಟಿನಿಂದ ಹುಟ್ಟಿದ್ದು.

ನಮ್ಮಲ್ಲಿ ಒಂದು ಗಾದೆ ಇದೆಯಲ್ಲ, ದಾನ ಕೊಟ್ಟ ಆಕಳ ಹಲ್ಲು ಎಣಿಸಬಾರದು ಅಂತ. ಅದು ಯಾವಾಗಲೂ ತಗೊಳ್ಳುವವರಿಗೆ ಹೇಳುವ ಬುದ್ಧಿ. ಬಾಯಿ ಮುಚ್ಚಿಕೊಂಡು ತಗೋ ಅಂತ. ಕೊಡುವವನು ಎಣಿಸಬಾರದು ಅಂತ ಗಾದೆ ಎಲ್ಲೂ ಹೇಳಿಲ್ಲ. ನಚಿಕೇತ ಮಾಡಿದ್ದು ಅದನ್ನೇ ತಾನೆ? ಕೊಡುವ ಮನೆಯ ಹುಡುಗನಾಗಿ ನಿಂತು ಎಣಿಸಿದ್ದು. ನಮ್ಮ ಮನೆಯಲ್ಲಿ ಅಂಥ ಹುಡುಗ ಯಾರೂ ಇರಲಿಲ್ಲ. ಹೆಂಡತಿ ಒಂದು ಸಲ ‘ಎಲ್ಲಾ ಸರಿ ಇದೆಯೇನ್ರೀ?’ ಅಂದಿದ್ದಳು. ಹೂಂ ಅಂದಿದ್ದೆ.

ಆ ಭಾನುವಾರ ಕೆಳಗೆ ಹೋದೆ.

ಗೆಳೆಯನೊಬ್ಬ ಮುಂಚೆಯೇ ಹೇಳಿದ್ದ: ‘ಲೋ, ಒಂದು ಐನೂರು ರೂಪಾಯಿ ಡಾಂಗಲ್ ತಗೊಂಡ್ಹೋಗಿ ಚುಚ್ಚಿ ಬಾ. ಅದಕ್ಯಾಕೆ ಇಷ್ಟು ಯೋಚ್ನೆ?’ ಅವನ ಮಾತು ಸರಿ. ಒಂದೇ ಹೆಸರಿನ ಡಬ್ಬಿಯೊಳಗೆ ಬೇರೆ ಬೇರೆ ಚಿಪ್ ಬರುತ್ತೆ, ಅದಕ್ಕೂ ಡ್ರೈವರ್ ಹುಡುಕಬೇಕಾಗಬಹುದು ಅಂತೆಲ್ಲ ನಾನು ವಾದ ಮಾಡಿದೆ. ನಿಜ ಹೇಳಬೇಕೂಂದ್ರೆ, ನನಗೆ ಸೋಲಲು ಇಷ್ಟವಿರಲಿಲ್ಲ. ದಿನಾ ಸಾಫ್ಟ್‌ವೇರ್ ಬರೆಯುವವನು ಒಂದು ಹಳೇ ಕಾರ್ಡನ್ನ ಎಬ್ಬಿಸಲಾರದೇ ಅಂಗಡಿಯಿಂದ ಡಾಂಗಲ್ ತರೋದೇ? ಒಳ್ಳೇ ಕೆಲಸದೊಳಗೂ ಜಂಬಕ್ಕೆ ಹೇಗೋ ಜಾಗ ಸಿಕ್ಕಿಬಿಡುತ್ತೆ. ಡಾಂಗಲನ್ನೂ ತಗೊಂಡು ಜೇಬಲ್ಲಿಟ್ಟುಕೊಂಡೇ ಹೋದೆ ಅನ್ನಿ.

ಹುಡುಗಿ ಲ್ಯಾಪ್‌ಟಾಪ್ ತೆಗೆದು ಕೊಡುವಾಗ ಜೊತೆಗೆ ಒಂದು ನೋಟ್‌ಬುಕ್ಕನ್ನೂ ಇಟ್ಟಳು. ಅದರ ಕೊನೆಯ ಪುಟದಲ್ಲಿ ಪೆನ್ನಿನಲ್ಲಿ ಬರೆದುಕೊಂಡಿದ್ದಳು: ಚಿಪ್ಪಿನ ನಂಬರ್ 14ಇ4:4315. ಅದರ ಕೆಳಗೆ, ‘ಬಿ43: ಫರ್ಮ್‌ವೇರ್ ಫೈಲ್ ಯುಕೋಡ್15 ನಾಟ್ ಫೌಂಡ್’. ಅದರ ಕೆಳಗೆ, ಯಾವ ಪ್ಯಾಕೇಜ್ ಹಾಕಬೇಕು ಅನ್ನೋ ಕಮಾಂಡ್, ಪೂರ್ತಿ, ಒಂದಕ್ಷರ ತಪ್ಪಿಲ್ಲದೆ.

ನಾನು ಹುಡುಕಿ ಹೇಳಬೇಕಾಗಿದ್ದನ್ನೆಲ್ಲ ಅವಳು ಅಕ್ಟೋಬರಿನಲ್ಲೇ ಹುಡುಕಿಟ್ಟಿದ್ದಳು.

‘ಮತ್ತೆ ಯಾಕಮ್ಮ ಹಾಕ್ಲಿಲ್ಲ?’

‘ಪಾಸ್‌ವರ್ಡ್ ಕೇಳ್ತು ಅಣ್ಣ.’

ಲಿನಕ್ಸಿನಲ್ಲಿ ಹೊಸದೇನಾದರೂ ಹಾಕಬೇಕಾದರೆ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಬೇಕು. ಅದನ್ನ ನಾನು ಕೊಟ್ಟಿರಲಿಲ್ಲ. ನನ್ನ ಹೆಸರಲ್ಲಿ ಒಂದು ಅಡ್ಮಿನ್ ಖಾತೆ ಇಟ್ಟುಕೊಂಡು, ಅವಳಿಗೆ ಅಂತ ಒಂದು ಸಾಮಾನ್ಯ ಖಾತೆ ಮಾಡಿ ಕೊಟ್ಟಿದ್ದೆ. ಏನಾದ್ರೂ ಹಾಳು ಮಾಡ್ಕೊಂಡುಬಿಡ್ತಾಳೆ ಅಂತ. ಆಫೀಸಿನಲ್ಲಿ ನಮಗೂ ಹಾಗೇ ತಾನೇ ಕೊಡೋದು ಅನ್ನುವ ಅಭ್ಯಾಸಬಲ.

‘ನನ್ನನ್ನ ಕೇಳ್ಬಹುದಿತ್ತಲ್ಲ?’

ಅವಳು ಅಪ್ಪನ ಮುಖ ನೋಡಿದಳು. ಅವರು ನೆಲ ನೋಡುತ್ತಾ, ‘ಕೊಟ್ಟಾರಲ್ಲ, ಮತ್ತ ಅದಕ್ಕ ಹೆಸರಿಡಬಾರದು ಅಂತ ನಾನ ಹೇಳಿದ್ನಿರಿ ಸರ್’ ಅಂದರು.

ಗಾದೆ ಅಲ್ಲೂ ಕೆಲಸ ಮಾಡಿತ್ತು.

ಇಲ್ಲಿ ಒಂದು ನಿಮಿಷ ಆ ಚಿಪ್ಪಿನ ಬಗ್ಗೆ ಹೇಳಲೇಬೇಕು, ಯಾಕಂದ್ರೆ ನನ್ನ ನಾಚಿಕೆಗೂ ಅದಕ್ಕೂ ಸಂಬಂಧ ಇದೆ. ಆ ವೈ-ಫೈ ಚಿಪ್ ಮಾಡಿದ್ದು ಒಂದು ದೊಡ್ಡ ಕಂಪನಿ. ಹೆಸರು ಬೇಡ, ಇದು ಅವರ ಮೇಲಿನ ದೂರಲ್ಲ. ಆ ಕಾಲದಲ್ಲಿ ಬಹಳ ಕಂಪನಿಗಳ ರೀತಿಯೇ ಹಾಗಿತ್ತು: ಚಿಪ್ ಮಾರೋದು, ವಿಂಡೋಸಿಗೆ ಡ್ರೈವರ್ ಕೊಡೋದು, ಆದರೆ ಚಿಪ್ ಒಳಗೆ ಹೇಗೆ ಕೆಲಸ ಮಾಡುತ್ತೆ ಅನ್ನುವ ಕಾಗದಪತ್ರ ಯಾರಿಗೂ ಕೊಡದೇ ಇರೋದು. ನಿಮ್ಮ ದುಡ್ಡು, ನಿಮ್ಮ ಮೆಷಿನ್, ನಿಮ್ಮ ಮೇಜು. ಆದರೂ ಅದರ ಜೊತೆ ಮಾತಾಡುವ ಭಾಷೆ ನಿಮ್ಮದಲ್ಲ. ಲಿನಕ್ಸ್ ಬಳಸುವವರು ಆಗ ಎನ್‌ಡಿಐಎಸ್‌ವ್ರ್ಯಾಪರ್ ಅಂತ ಒಂದು ಉಪಾಯದಲ್ಲಿ ವಿಂಡೋಸಿನ ಡ್ರೈವರನ್ನೇ ತಂದು ಲಿನಕ್ಸಿನೊಳಗೆ ಕೂರಿಸುತ್ತಿದ್ದರು. ಹಾಸ್ಟೆಲ್ಲಿನಲ್ಲಿ ನಾನೂ ಹಾಗೆ ಕೂರಿಸಿದ್ದೆ. ಮಾವನ ಕೋಟು ಹಾಕ್ಕೊಂಡು ಮದುವೆಗೆ ಹೋದ ಹಾಗೆ, ಎಲ್ಲೋ ಒಂದು ಕಡೆ ಹರಿಯುತ್ತಿತ್ತು.

ಆಗ ಕೆಲವರು ಒಂದು ಕೆಲಸ ಶುರು ಮಾಡಿದರು. ಕಂಪನಿಯ ಡ್ರೈವರಿನ ಮೆಷಿನ್ ಕೋಡನ್ನ ಒಂದು ಗುಂಪು ಸಾಲುಸಾಲಾಗಿ ಓದಿತು. ಓದಿ, ಕೋಡ್ ಬರೆಯಲಿಲ್ಲ. ಈ ಜಾಗದಲ್ಲಿ ಈ ಸಂಖ್ಯೆ ಬರೆಯಬೇಕು, ಇಷ್ಟು ಹೊತ್ತು ಕಾಯಬೇಕು, ಆಮೇಲೆ ಇದನ್ನ ಓದಬೇಕು ಅಂತ ಮಾತಿನಲ್ಲಿ ವಿವರಿಸಿ ಇಟ್ಟಿತು. ಇನ್ನೊಂದು ಗುಂಪು, ಆ ಡ್ರೈವರನ್ನ ಕಣ್ಣೆತ್ತಿಯೂ ನೋಡದವರು, ಬರೀ ಈ ವಿವರಣೆ ಇಟ್ಟುಕೊಂಡು ಹೊಸದಾಗಿ ಡ್ರೈವರ್ ಬರೆಯಿತು. ನೋಡಿದವನು ಬರೆಯುವ ಹಾಗಿಲ್ಲ, ಬರೆಯುವವನು ನೋಡುವ ಹಾಗಿಲ್ಲ. ಇದಕ್ಕೆ ಕ್ಲೀನ್ ರೂಮ್ ಪದ್ಧತಿ ಅಂತಾರೆ. ಕಾಪಿ ಮಾಡಿದ್ದು ಅಂತ ನಾಳೆ ಯಾರೂ ಬೆರಳು ತೋರಿಸಬಾರದು ಅಂತ. ಹೀಗೆ ಹುಟ್ಟಿದ ಡ್ರೈವರಿನ ಮೊದಲ ರೂಪ 2006ರಲ್ಲಿ ಲಿನಕ್ಸ್ ಕರ್ನಲ್ 2.6.17ರ ಜೊತೆ ಬಂತು. ಬಿ43 ಅನ್ನುವ ಹೆಸರಲ್ಲಿ 2008ರ ಜನವರಿಯಲ್ಲಿ 2.6.24ರಲ್ಲಿ. ನನ್ನ ಲ್ಯಾಪ್‌ಟಾಪಿನ ಚಿಪ್ಪಿಗೆ ಬೆಂಬಲ ಸೇರಿದ್ದು 2009ರ ಕೊನೆಗೆ, 2.6.32ರಲ್ಲಿ.

ಕ್ಲೀನ್ ರೂಮ್ ಬಗ್ಗೆ ಮೊದಲ ಸಲ ಓದಿದಾಗ ನನಗೆ ನಗು ಬಂದಿತ್ತು. ಅಜ್ಜಿ ಮನೆಯ ಮಡಿ ಥೇಟ್ ಹೀಗೇ. ಎತ್ತರದ ಗಳುವಿನ ಮೇಲೆ ಕೋಲಿನಲ್ಲಿ ಹಾಕಿದ ಮಡಿ ಸೀರೆ, ಮುಟ್ಟಿದವರು ಅಡಿಗೆಮನೆಗೆ ಬರುವ ಹಾಗಿಲ್ಲ, ಅಡಿಗೆಮನೆಯವರು ಹೊರಗಿನದನ್ನ ಮುಟ್ಟುವ ಹಾಗಿಲ್ಲ. ನಗು ನಿಂತದ್ದು ಆಮೇಲೆ. ನಮ್ಮ ಮಡಿ ಇದ್ದದ್ದು ಯಾರನ್ನ ಒಳಗೆ ಬಿಡಬಾರದು ಅಂತ ತೀರ್ಮಾನಿಸೋಕೆ. ಮಾತಿಗೆ ಆಚಾರ, ಲೆಕ್ಕಕ್ಕೆ ಜಾತಿ. ಇವರು ಮಡಿ ಮಾಡಿದ್ದು ಯಾರು ಬೇಕಾದರೂ ಒಳಗೆ ಬರಲಿ ಅಂತ. ಗುರುತು ಪರಿಚಯ ಇಲ್ಲದ, ಯಾವುದೋ ಊರಿನ, ಯಾವತ್ತೋ ಹಳೇ ಲ್ಯಾಪ್‌ಟಾಪ್ ತೆಗೆಯಲಿರುವ ಒಬ್ಬ ಹುಡುಗಿಗಾಗಿ ಅಷ್ಟು ಶುದ್ಧ ಕಾಪಾಡಿಕೊಂಡರು ಅಂದರೆ ಅತಿಯಾಯಿತೇನೋ. ಅವರಿಗೆ ತಮ್ಮ ಕಾರ್ಡ್ ಕೆಲಸ ಮಾಡಬೇಕಿತ್ತು, ಅಷ್ಟೇ ಇರಬಹುದು. ಆದರೂ ಮಾಡಿದ್ದನ್ನ ಎಲ್ಲರಿಗೂ ಬಿಟ್ಟುಕೊಟ್ಟರಲ್ಲ.

ಇದು ಕಳ್ಳತನವಾ ಅಂತ ಕೆಲವರು ಕೇಳ್ತಾರೆ. ಕಂಪನಿ ಗುಟ್ಟಾಗಿಟ್ಟದ್ದನ್ನ ಬಗೆದು ತೆಗೆದದ್ದಲ್ಲವೇ? ನನಗೆ ಹಾಗನ್ನಿಸಲ್ಲ. ನಾನು ಕೊಂಡ ಬೀಗದ ಒಳಗೆ ಏನಿದೆ ಅಂತ ಬಿಚ್ಚಿ ನೋಡೋದು ಕಳ್ಳತನವಾದರೆ ಗಡಿಯಾರ ರಿಪೇರಿ ಮಾಡುವವರೆಲ್ಲ ಕಳ್ಳರೇ. ಆದರೆ ಫರ್ಮ್‌ವೇರ್ ವಿಷಯ ಅಷ್ಟು ಸಲೀಸಲ್ಲ. ಡ್ರೈವರ್ ಇದ್ದರೂ ಚಿಪ್ಪಿನ ಒಳಗೆ ಓಡುವ ಒಂದು ಸಣ್ಣ ಪ್ರೋಗ್ರಾಮ್ ಬೇಕು. ಪ್ರತಿಸಲ ಕಂಪ್ಯೂಟರ್ ಶುರುವಾದಾಗ ಅದನ್ನ ಚಿಪ್ಪಿಗೆ ಉಣಿಸಬೇಕು. ಅದು ಕಂಪನಿಯದು, ಹಂಚಲು ಅನುಮತಿ ಇಲ್ಲ. ಆದ್ದರಿಂದ ಮಿಂಟ್‌ನವರು ಅದನ್ನ ತಮ್ಮ ಡಿಸ್ಕಿನಲ್ಲಿ ಇಟ್ಟು ಕೊಡಲ್ಲ. ಬದಲಿಗೆ ಒಂದು ಸ್ಕ್ರಿಪ್ಟ್ ಕೊಡ್ತಾರೆ. ಅದು ನಿಮ್ಮ ಮನೆಯಲ್ಲಿ ಕೂತು, ನಿಮ್ಮ ನೆಟ್‌ನಿಂದ ಕಂಪನಿಯ ಡ್ರೈವರ್ ಇಳಿಸಿಕೊಂಡು, ಫರ್ಮ್‌ವೇರ್ ಭಾಗವನ್ನ ಕತ್ತರಿಸಿ ತೆಗೆಯುತ್ತೆ. ಕತ್ತರಿಸುವ ಪ್ರೋಗ್ರಾಮಿನ ಹೆಸರೇ ಎಫ್‌ಡಬ್ಲ್ಯುಕಟರ್. ಹಂಚಿದ್ದು ಯಾರೂ ಅಲ್ಲ, ಕತ್ತರಿಸಿದ್ದು ನೀವು. ವೈ-ಫೈ ಬರಬೇಕಾದರೆ ಇಂಟರ್‌ನೆಟ್ ಬೇಕು, ಇಂಟರ್‌ನೆಟ್ ಬೇಕಾದರೆ ವೈ-ಫೈ ಬೇಕು. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ.

ಮುಚ್ಚಿದ ಫರ್ಮ್‌ವೇರನ್ನ ಮುಟ್ಟಲೇಬಾರದು ಅನ್ನುವ ಕಟ್ಟಾ ಜನ ಇದ್ದಾರೆ. ನನಗೆ ಅವರ ಮೇಲೆ ಗೌರವ ಇದೆ. ಇಟಲಿಯ ಬ್ರೆಶಾ ವಿಶ್ವವಿದ್ಯಾಲಯದಲ್ಲಿ ಕೆಲವರು ಈ ಕುಟುಂಬದ ಕೆಲವು ಚಿಪ್‌ಗಳಿಗೆ ಫರ್ಮ್‌ವೇರನ್ನೇ ಹೊಸದಾಗಿ, ತೆರೆದ ರೂಪದಲ್ಲಿ ಬರೆದುಬಿಟ್ಟರು. ನನ್ನ ಚಿಪ್ ಆ ಪಟ್ಟಿಯಲ್ಲಿಲ್ಲ. ಡೆಬಿಯನ್‌ನವರು ವರ್ಷಗಟ್ಟಲೆ ಇದರ ಬಗ್ಗೆ ಜಗಳವಾಡಿ, 2022ರಲ್ಲಿ ಮತ ಹಾಕಿ, 2023ರ ಜೂನಿನ ಡೆಬಿಯನ್ 12ರಿಂದ ಹಂಚಲು ಅನುಮತಿ ಇರುವ ಮುಚ್ಚಿದ ಫರ್ಮ್‌ವೇರನ್ನ ಇನ್‌ಸ್ಟಾಲರಿನಲ್ಲೇ ಸೇರಿಸಲು ಒಪ್ಪಿದರು. ತತ್ವಕ್ಕೆ ಬೆಲೆ ಕೊಡುವ ಸಾವಿರ ಜನ ಒಟ್ಟಿಗೆ ಕೂತು, ‘ಮೊದಲು ಇವರ ಮೆಷಿನ್ ಓಡಲಿ’ ಅಂತ ಒಂದು ಹೆಜ್ಜೆ ಹಿಂದೆ ಇಟ್ಟದ್ದು ನನಗೆ ಸೋಲಾಗಿ ಕಾಣಲ್ಲ. ಆ ಕೋಣೆಯಲ್ಲಿ, ಪಂಪ್ ಮೋಟರಿನ ಸದ್ದಿನ ಮಧ್ಯೆ, ಫರ್ಮ್‌ವೇರ್ ಮುಚ್ಚಿದ್ದೋ ತೆರೆದದ್ದೋ ಅಂತ ನಾನು ಒಂದು ಕ್ಷಣವೂ ಯೋಚಿಸಲಿಲ್ಲ.

ನನ್ನನ್ನ ಚುಚ್ಚಿದ್ದು ಬೇರೆಯದು. ಹದಿನಾರು ವರ್ಷದಿಂದ ನಾನು ಆ ಚಿಪ್ ಕಂಪನಿಯನ್ನ ಬೈಯುತ್ತಾ ಬಂದವನು. ದುಡ್ಡು ಇಸ್ಕೊಂಡು ವಸ್ತು ಕೊಟ್ಟರು, ಬೀಗದಕೈ ತಾವೇ ಇಟ್ಟುಕೊಂಡರು ಅಂತ. ನಾನು ಮಾಡಿದ್ದೇನು? ವಸ್ತು ಕೊಟ್ಟೆ, ಬೀಗದಕೈ ನಾನೇ ಇಟ್ಟುಕೊಂಡೆ. ಕಂಪನಿಗಾದರೂ ಒಂದು ವ್ಯಾಪಾರದ ಕಾರಣ ಇತ್ತು. ನನಗಿದ್ದ ಕಾರಣ, ‘ಇವಳಿಗೆ ಗೊತ್ತಾಗಲ್ಲ’. ಗೊತ್ತಿದ್ದವಳು ನೋಟ್‌ಬುಕ್ಕಿನಲ್ಲಿ ಉತ್ತರ ಬರೆದಿಟ್ಟುಕೊಂಡು ಎರಡು ತಿಂಗಳು ಕಾದಳು.

ಇನ್ನೊಂದು ಮಾತು. ಬಿ43 ಬರೆದವರೂ ಷರತ್ತಿಲ್ಲದೆ ಕೊಟ್ಟವರಲ್ಲ. ಕರ್ನಲಿಗೆ ಇರುವ ಜಿಪಿಎಲ್ ಲೈಸೆನ್ಸಿನ ಷರತ್ತೇ ಅವರದು: ಬದಲಾಯಿಸಿ ಹಂಚಿದರೆ ನೀವೂ ಇದೇ ಷರತ್ತಿನಲ್ಲಿ ಹಂಚಬೇಕು. ಅದಕ್ಕಾಗಿ ಅವರು ಜಗಳವನ್ನೂ ಆಡಿದ್ದಾರೆ. 2007ರ ಏಪ್ರಿಲ್‌ನಲ್ಲಿ ಓಪನ್‌ಬಿಎಸ್‌ಡಿಯ ಒಬ್ಬ ಡೆವಲಪರ್ ಅವರ ಕೋಡಿನ ಭಾಗಗಳನ್ನ ಬೇರೆ ಲೈಸೆನ್ಸಿನಲ್ಲಿ ಬಳಸಿದ್ದಾನೆ ಅಂತ ಎಲ್ಲರ ಎದುರಿಗೇ ಪತ್ರ ಬರೆದರು. ಖಾಸಗಿಯಾಗಿ ಹೇಳಬಹುದಿತ್ತಲ್ಲ, ಹೀಗೆ ಊರ ಮುಂದೆ ಮಾನ ಕಳೆಯೋದು ಮನುಷ್ಯತ್ವವಾ ಅಂತ ಆ ಕಡೆಯವರು ರೇಗಿದರು. ಕೊನೆಗೆ ಆತ ಆ ಕೆಲಸವನ್ನೇ ಕೈಬಿಟ್ಟ. ಹಕ್ಕು ಇವರ ಕಡೆಯೇ ಇತ್ತು ಅನ್ನೋದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಆ ಪ್ರಸಂಗ ನೆನಪಾದಾಗೆಲ್ಲ ನಮ್ಮ ವಾಟ್ಸಾಪ್ ಗ್ರೂಪೇ ಕಣ್ಣ ಮುಂದೆ ಬರುತ್ತೆ. ಗೇಟಿಗೆ ಹೋಗಿ ‘ಯಾಕ್ರೀ?’ ಅಂತ ಕೇಳಲು ಎರಡು ನಿಮಿಷ ಸಾಕಿತ್ತು. ಹನ್ನೆರಡು ಜನರಲ್ಲಿ ಒಬ್ಬರೂ ಕೇಳಿರಲಿಲ್ಲ.

ಷರತ್ತಿನ ವಿಷಯಕ್ಕೆ ಬರ್ತೀನಿ. ಅವರದು ಹಂಚುವುದರ ಬಗ್ಗೆ ಇದ್ದ ಷರತ್ತು. ಬಳಸುವುದರ ಬಗ್ಗೆ ಏನೂ ಇಲ್ಲ. ಸ್ವತಂತ್ರ ತಂತ್ರಾಂಶದವರು ನಾಲ್ಕು ಸ್ವಾತಂತ್ರ್ಯ ಎಣಿಸ್ತಾರೆ, ಎಣಿಕೆ ಸೊನ್ನೆಯಿಂದ ಶುರು. ಸೊನ್ನೆಯ ಸ್ವಾತಂತ್ರ್ಯ: ಈ ಪ್ರೋಗ್ರಾಮನ್ನ ಯಾವ ಉದ್ದೇಶಕ್ಕೆ ಬೇಕಾದರೂ ಓಡಿಸಬಹುದು. ಓದೋಕೆ, ಆಟಕ್ಕೆ, ಸಿನಿಮಾಕ್ಕೆ, ಸುಮ್ಮನೆ. ಕೊಟ್ಟವನು ಕೇಳುವ ಹಾಗಿಲ್ಲ. ನಾನು ಇದನ್ನ ಎಷ್ಟು ಸಲ ಆಫೀಸಿನ ಜೂನಿಯರ್‌ಗಳಿಗೆ ಪಾಠ ಮಾಡಿದ್ದೀನಿ! ಅದೇ ಬಾಯಲ್ಲಿ, ಆಯುಧಪೂಜೆ ಸಂಜೆ, ಚಹಾ ಕುಡಿಯುತ್ತಾ, ‘ಓದೋಕೆ ಮಾತ್ರ’ ಅಂದಿದ್ದೆ. ನನ್ನ ಅಪ್ಪ ಸಾಲ ಮಾಡಿ ಕೊಡಿಸಿದಾಗ ಹಾಗೆ ಅಂದಿರಲಿಲ್ಲ. ಅದೇ ಲ್ಯಾಪ್‌ಟಾಪಿನಲ್ಲಿ ನಾನು ನೋಡಿದ ಸಿನಿಮಾಗಳ ಲೆಕ್ಕ ಇಟ್ಟವರಿಲ್ಲ. ಬಡವರ ಮಕ್ಕಳಿಗೆ ಏನಾದರೂ ಕೊಡುವಾಗ ಮಾತ್ರ ನಮಗೆ ಇಂಥ ಮಾತು ತಾನಾಗಿ ಬಾಯಿಗೆ ಬರೋದು ಯಾಕೆ? ನಮ್ಮ ವಸ್ತು ವ್ಯರ್ಥವಾಗಬಾರದು ಅನ್ನುವ ಕಾಳಜಿ ಅಂತ ಅಂದುಕೊಳ್ಳಬಹುದು. ಅಟ್ಟದ ಮೇಲೆ ಆರು ವರ್ಷ ಧೂಳು ತಿಂದಾಗ ಆ ಕಾಳಜಿ ಇರಲಿಲ್ಲವಲ್ಲ.

ಕೆಲಸ ಹೇಗಾಯ್ತು ಅಂತ ಹೇಳಿಬಿಡ್ತೀನಿ, ಯಾರಿಗಾದರೂ ಉಪಯೋಗಕ್ಕೆ ಬಂದೀತು. ಅಪ್ಪನ ಫೋನನ್ನ ಕೊನೆಯ ಸಲ ಕೇಬಲ್ಲಿಗೆ ಸೇರಿಸಿದೆವು. ನಾನು ಮೊದಲು ಜಂಬದಲ್ಲಿ ಡ್ರೈವರ್ ಮ್ಯಾನೇಜರ್ ತೆಗೆದು, ಅದು ತೋರಿಸಿದ ಕಂಪನಿಯದೇ ಡ್ರೈವರ್ ಹಾಕಿದೆ. ‘ಅಣ್ಣ, ಅದು ಕರ್ನಲ್ ಅಪ್‌ಡೇಟ್ ಆದಾಗ ಕೈಕೊಡುತ್ತಂತೆ’ ಅಂದಳು. ಅವಳು ಹೇಳಿದ್ದು ನಿಜ. ಅದು ಪ್ರತಿ ಹೊಸ ಕರ್ನಲಿಗೂ ಹೊಸದಾಗಿ ಕಂಪೈಲ್ ಆಗಬೇಕು, ಆಗದಿದ್ದರೆ ವೈ-ಫೈ ಇಲ್ಲ. ತೆಗೆದೆ. ಪೂರ್ತಿ ತೆಗೆಯಬೇಕು, ಇಲ್ಲದಿದ್ದರೆ ಅದು ಬಿ43 ಅನ್ನ ಬ್ಲಾಕ್‌ಲಿಸ್ಟಿನಲ್ಲಿ ಇಟ್ಟು ಹೋಗಿರುತ್ತೆ, ಸೊಸೆ ಬಂದರೂ ಅತ್ತೆಯ ಬೀಗ ತೆಗೆಯದ ಹಾಗೆ. ಆಮೇಲೆ ಅವಳ ನೋಟ್‌ಬುಕ್ಕಿನ ಕಮಾಂಡ್: ಈ ಚಿಪ್ಪಿಗೆ ಅಂತಲೇ ಇರುವ ಎಲ್‌ಪಿ-ಫೈ ಫರ್ಮ್‌ವೇರ್ ಇನ್‌ಸ್ಟಾಲರ್. ಇಳಿಯಿತು, ಕತ್ತರಿಸಿತು, ಹಾಕಿತು. ರೀಸ್ಟಾರ್ಟ್. ಗುರುತು ಬಂತು, ಆದರೆ ಒಂದೂ ನೆಟ್‌ವರ್ಕ್ ಕಾಣಲ್ಲ. ಒಂದು ಗಂಟೆ ನಾನು ಲಾಗ್ ಓದಿ ಓದಿ ಬೆವರಿದೆ. ‘ಆರ್‌ಎಫ್‌ಕಿಲ್’ ಕೇಳಿದರೆ ‘ಹಾರ್ಡ್ ಬ್ಲಾಕ್ಡ್: ಯೆಸ್’ ಅಂತ ಬಂತು. ಕೀಬೋರ್ಡಿನಲ್ಲಿ ವೈ-ಫೈ ಆರಿಸುವ ಒಂದು ಗುಂಡಿ ಇರುತ್ತೆ, ಒರೆಸುವಾಗ ಆರಿಹೋಗಿತ್ತೋ ಏನೋ. ಒತ್ತಿದೆ. ಕ್ಲಬ್‌ಹೌಸಿನ ಹೆಸರು ಬಂದು ಕೂತಿತು. 2.4 ಗಿಗಾಹರ್ಟ್ಸಿನದು ಮಾತ್ರ, 5 ಗಿಗಾಹರ್ಟ್ಸ್ ಈ ಚಿಪ್ಪಿಗೆ ಕಾಣಲ್ಲ. ಸಾಕು.

ಡಾಂಗಲನ್ನೂ ಅಲ್ಲೇ ಬಿಟ್ಟು ಬಂದೆ. ಇರಲಿ ಅಂತ.

ಪಾಸ್‌ವರ್ಡ್ ಹಾಕುವಾಗ ಒಂದು ಸಣ್ಣ ವಿಷಯ ನಡೀತು. ನಾನು ನನ್ನ ಅಡ್ಮಿನ್ ಪಾಸ್‌ವರ್ಡ್ ಒತ್ತುವಾಗ ಎಡಗೈ ತಾನಾಗಿ ಕೀಬೋರ್ಡಿಗೆ ಅಡ್ಡ ಬಂತು. ಅವಳು ಸಭ್ಯವಾಗಿ ಮುಖ ಆಚೆ ತಿರುಗಿಸಿದಳು. ಆ ಮುಖ ತಿರುಗಿಸಿದ್ದು ನನಗೆ ಇವತ್ತಿಗೂ ಕಾಣುತ್ತೆ. ಎಲ್ಲ ಮುಗಿದ ಮೇಲೆ ಅವಳ ಖಾತೆಗೆ ಅಡ್ಮಿನ್ ಹಕ್ಕು ಕೊಟ್ಟು, ನನ್ನ ಖಾತೆ ಅಳಿಸಿ, ‘ಹೊಸ ಪಾಸ್‌ವರ್ಡ್ ನೀನೇ ಹಾಕ್ಕೋ’ ಅಂತ ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆ.

ಉಳಿದದ್ದು ಎರಡು ದಿನದ ಸಂಬಳ. ದುಡ್ಡು ಕೊಡಲು ಹೋದೆ. ‘ಬ್ಯಾಡ್ರಿ ಸರ್, ಆಗಿದ್ದು ಆಗಿ ಹೋತು’ ಅಂದರು. ಬಲವಂತ ಮಾಡಲಿಲ್ಲ, ಆ ದುಡ್ಡಿನಿಂದ ಹಗುರಾಗುತ್ತಿದ್ದದ್ದು ನಾನು ಅಂತ ಆಗಲೇ ಅನಿಸಿತ್ತು. ಗ್ರೂಪಿನಲ್ಲಿ ನಡೆದದ್ದನ್ನ ಬರೀತೀನಿ, ತಪ್ಪು ನಂದು ಅಂತ ಹಾಕ್ತೀನಿ ಅಂದೆ. ಅದಕ್ಕೆ ಅವರು ನಿಜಕ್ಕೂ ಗಾಬರಿಯಾದರು. ‘ಏನೂ ಹಾಕಬ್ಯಾಡ್ರಿ ಸರ್. ವೈ-ಫೈ ಯಾರು ಕೊಟ್ರು, ಯಾಕ ಕೊಟ್ರು ಅಂತ ಸುರು ಆಗ್ತದ. ಸೆಕ್ರೆಟರಿ ಸಾಹೇಬ್ರಿಗೂ ತ್ರಾಸು.’ ಸತ್ಯ ಹೇಳಿಬಿಡುವ ಸುಖವೂ ನನಗೆ ಸಿಗಲಿಲ್ಲ. ಅದರ ಖರ್ಚು ಅವರ ಮೇಲೆ ಬೀಳುತ್ತಿತ್ತು.

ಸೆಕ್ರೆಟರಿಯ ಮನೆಗೆ ಹೋಗಿ ಅವರೊಬ್ಬರಿಗೆ ಎಲ್ಲ ಹೇಳಿದೆ. ಏಜೆನ್ಸಿಗೆ ಹೇಳಿ ಸಂಬಳ ವಾಪಸ್ ಕೊಡಿಸ್ತೀನಿ ಅಂದರು. ಲಿಫ್ಟಿನ ಗೋಡೆಗೆ ಈಗ ಇನ್ನೂ ಎರಡು ನಂಬರ್ ಅಂಟಿಸಿದ್ದಾರೆ, ಇಂಟರ್‌ಕಾಮ್ ರಿಪೇರಿ ಆಗಿದೆ. ಸಂಬಳ ಇದನ್ನ ಬರೆಯುವ ಹೊತ್ತಿಗೆ ಬಂದಿಲ್ಲ. ಭಾನುವಾರ ಭಾನುವಾರ ಕೇಳ್ತಿದ್ದೀನಿ, ಸೆಕ್ರೆಟರಿ ಈಗ ನನ್ನನ್ನ ಕಂಡರೆ ಜಿಮ್ ಕಡೆ ತಿರುಗುತ್ತಾರೆ. ಆ ಮೆಸೇಜಿಗೆ ಹಾಕಿದ ನನ್ನ ಹೆಬ್ಬೆರಳನ್ನ ಹುಡುಕಿ ತೆಗೆದೆ. ಹನ್ನೊಂದು ಉಳಿದಿವೆ.

ಮೊನ್ನೆ ಮತ್ತೆ ಕೆಳಗೆ ಹೋಗಿದ್ದೆ, ಕರ್ನಲ್ ಅಪ್‌ಡೇಟ್ ಬಂದಿತ್ತಲ್ಲ, ವೈ-ಫೈ ಇದೆಯಾ ನೋಡೋಣ ಅಂತ. ಬಾಗಿಲು ತೆರೆದಿತ್ತು. ಅವಳೂ ಅವರಮ್ಮನೂ ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು, ಯಾವುದೋ ಹಾಡು ಬರ್ತಿತ್ತು. ನನ್ನನ್ನ ನೋಡಿದ್ದೇ ಅವಳು ಪಟ್ ಅಂತ ಮುಚ್ಚಳ ಮುಚ್ಚಿ ಎದ್ದು ನಿಂತಳು.

‘ಯಾಕಮ್ಮ ಮುಚ್ಚಿದೆ? ಯಾವ ಸಿನಿಮಾ?’

ಅವಳು ಹೇಳಲಿಲ್ಲ. ಅಮ್ಮನೇ ಸೆರಗು ಸರಿ ಮಾಡಿಕೊಳ್ಳುತ್ತಾ, ‘ಮುಗಿಯಾಕ ಬಂದದರಿ, ಇನ್ನ ಹತ್ತ ನಿಮಿಷ ಅದ’ ಅಂದರು.

‘ಮುಗಿಸ್ಕೊಳ್ಳಿ, ಆಮೇಲೆ ಬರ್ತೀನಿ’ ಅಂದೆ. ಮೆಟ್ಟಿಲ ಹತ್ತಿರ ಬರುವಷ್ಟರಲ್ಲಿ ಹಾಡು ಮತ್ತೆ ಶುರುವಾಯ್ತು.